ಮೆರವಣಿಗೆ ಮುಗಿದ ಮೇಲೆ ಮನೆಗೆ ಬರುವವರಾರು?

2025ರ ಅಕ್ಟೋಬರ್‌ನಲ್ಲಿ ಕೇಂದ್ರ ರಕ್ಷಣಾ ಸಚಿವಾಲಯ ಒಂದು ಒಳ್ಳೆಯ ನಿರ್ಧಾರ ಕೈಗೊಂಡಿತು. ಪಿಂಚಣಿ ಇಲ್ಲದ, 65 ವರ್ಷ ದಾಟಿದ, ಹವಾಲ್ದಾರ್ ದರ್ಜೆಯವರೆಗಿನ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಕೊಡುತ್ತಿದ್ದ ತಿಂಗಳ ನೆರವನ್ನು 4,000 ರೂಪಾಯಿಯಿಂದ 8,000 ರೂಪಾಯಿಗೆ ಏರಿಸಿತು. ಇಬ್ಬರು ಮಕ್ಕಳವರೆಗೆ ಓದಿಗೆ ತಲಾ 1,000 ರೂಪಾಯಿ ಇದ್ದದ್ದು 2,000 ಆಯಿತು. ಮಗಳ ಮದುವೆಗೆ ಅಥವಾ ವಿಧವೆಯ ಮರುಮದುವೆಗೆ ಕೊಡುವ 50,000 ರೂಪಾಯಿ 1 ಲಕ್ಷವಾಯಿತು. ನವೆಂಬರ್ 1ರಿಂದ ಸಲ್ಲಿಕೆಯಾಗುವ ಅರ್ಜಿಗಳಿಗೆ ಹೊಸ ದರ ಅನ್ವಯ ಎಂದು ಪ್ರಕಟಣೆ ಹೇಳಿತು. ಎಲ್ಲವೂ ಸರಿ. ಆದರೆ ಈ 8,000 ರೂಪಾಯಿ ಯಾರಿಗಾಗಿ ಎಂದು ಇನ್ನೊಮ್ಮೆ ನೋಡಬೇಕು. ಪಿಂಚಣಿ ಇಲ್ಲದವರು ಎಂದರೆ ಹದಿನೈದು ವರ್ಷದ ಸೇವೆ ತುಂಬುವ ಮೊದಲೇ ಪಡೆ ಬಿಟ್ಟು ಬಂದವರು, ಅವರ ವಿಧವೆಯರು. ಪಿಂಚಣಿ ಪಡೆಯುವವರ ಹೆಸರು, ಬ್ಯಾಂಕ್ ಖಾತೆ, ವಿಳಾಸ ಎಲ್ಲವೂ ಸರ್ಕಾರದ ಬಳಿ ತಿಂಗಳು ತಿಂಗಳೂ ತಾಜಾ ಆಗುತ್ತಿರುತ್ತವೆ. ಪಿಂಚಣಿ ಇಲ್ಲದವರೊಂದಿಗೆ ಸರ್ಕಾರಕ್ಕೆ ಯಾವ ಕೊಂಡಿಯೂ ಉಳಿದಿರುವುದಿಲ್ಲ. ಅಂದರೆ, ಯಾರ ಸಂಪರ್ಕ ಪೂರಾ ಕಡಿದುಹೋಗಿದೆಯೋ ಅವರೇ ಮುಂದೆ ಬಂದು ಅರ್ಜಿ ಹಾಕಬೇಕು ಎಂಬುದು ಈ ಯೋಜನೆಯ ಷರತ್ತು. ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯ ಎಪ್ಪತ್ತು ದಾಟಿದ ಅಜ್ಜಿಗೆ ದೆಹಲಿಯ ಈ ಪ್ರಕಟಣೆ ಯಾರ ಬಾಯಿಂದ ತಿಳಿಯಬೇಕು ಎಂಬುದಕ್ಕೆ ಯೋಜನೆಯಲ್ಲಿ ಉತ್ತರವಿಲ್ಲ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಸೈನಿಕ ಕುಟುಂಬಗಳ ಮಟ್ಟಿಗೆ ನನ್ನ ವಾದ ಇಷ್ಟೆ: ಇಲ್ಲಿ ಯೋಜನೆಗಳಿಗೆ ಬರವಿಲ್ಲ, ಯೋಜನೆಯನ್ನು ಮನೆಗೆ ಮುಟ್ಟಿಸುವ ಮನುಷ್ಯನಿಗೆ ಬರವಿದೆ. ಸೈನಿಕರ ವಿಷಯ ಬಂದಾಗ ನಮ್ಮ ಸಾರ್ವಜನಿಕ ಚರ್ಚೆ ಯಾವಾಗಲೂ ಮೊತ್ತದ ಸುತ್ತಲೇ ತಿರುಗುತ್ತದೆ. ಎಷ್ಟು ಲಕ್ಷ ಘೋಷಿಸಿದರು, ನಿವೇಶನ ಕೊಟ್ಟರೋ ಇಲ್ಲವೋ, ಯಾವ ಸಚಿವರು ಬಂದಿದ್ದರು, ಇದೇ ಮಾತು. ಹುತಾತ್ಮರ ಪಾರ್ಥಿವ ಶರೀರ ಊರಿಗೆ ಬಂದ ದಿನ ಇಡೀ ತಾಲ್ಲೂಕಿನ ಆಡಳಿತ ಆ ಓಣಿಯಲ್ಲಿ ನಿಂತಿರುತ್ತದೆ. ಆರು ತಿಂಗಳ ನಂತರ ಅದೇ ಮನೆಯ ಹೆಣ್ಣುಮಗಳು ಒಂದು ಸಹಿಗಾಗಿ ಅದೇ ಆಡಳಿತದ ಮುಂದೆ ಸರದಿಯಲ್ಲಿ ನಿಂತಿರುತ್ತಾಳೆ. ಇದನ್ನು ಯಾರೊಬ್ಬ ಅಧಿಕಾರಿಯ ನಿರ್ಲಕ್ಷ್ಯ ಎಂದು ಕೈತೊಳೆದುಕೊಳ್ಳಲು ಬರುವುದಿಲ್ಲ. ಇಡೀ ವ್ಯವಸ್ಥೆಯನ್ನು ಕಟ್ಟಿರುವುದೇ ಹಾಗೆ. ಕುಟುಂಬ ತನ್ನ ಹಕ್ಕನ್ನು ತಾನೇ ತಿಳಿದುಕೊಳ್ಳಬೇಕು, ತಾನೇ ಸಾಬೀತು ಮಾಡಬೇಕು, ತಾನೇ ಬೆನ್ನು ಹತ್ತಬೇಕು.

ಈ ನೆಲಕ್ಕೆ ಈ ಪ್ರಶ್ನೆ ಹೊಸದಲ್ಲ. ಬಾದಾಮಿ, ಐಹೊಳೆಯ ಸುತ್ತಮುತ್ತ ವೀರಗಲ್ಲುಗಳು ಇಂದಿಗೂ ನಿಂತಿವೆ. ಕಾಳಗದಲ್ಲಿ ಮಡಿದವನ ಕುಟುಂಬಕ್ಕೆ ಭೂಮಿ ಬಿಟ್ಟುಕೊಡುವ ನೆತ್ತರುಗೊಡಗೆಯ ಪದ್ಧತಿ ಕನ್ನಡ ಶಾಸನಗಳಲ್ಲಿ ದಾಖಲಾಗಿದೆ. ಆ ಕಾಲವನ್ನು ಹೊಗಳಬೇಕಾದ ಅಗತ್ಯವಿಲ್ಲ. ಸಾಯಲು ಕಳಿಸಿದ ಒಡೆಯನೇ ದಾನಿಯೂ ಆಗುತ್ತಿದ್ದ ಕಾಲ ಅದು. ಆದರೂ ಒಂದನ್ನು ಗಮನಿಸಬೇಕು. ಯಾರಿಗೆ ಏನು ಸಲ್ಲಬೇಕು ಎಂಬುದನ್ನು ಊರ ನಡುವೆ, ಎಲ್ಲರ ಕಣ್ಣೆದುರು, ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ಹಕ್ಕಿನ ದಾಖಲೆ ಕುಟುಂಬ ಇದ್ದ ಕಡೆಯೇ ಇರುತ್ತಿತ್ತು. ಇಂದು ಆ ದಾಖಲೆ ನಾಸಿಕ್‌ನಲ್ಲೋ ಜಬಲ್ಪುರದಲ್ಲೋ ಪ್ರಯಾಗರಾಜದಲ್ಲೋ ಇರುವ ಕಚೇರಿಯ ಕಡತದಲ್ಲಿದೆ.

ವ್ಯವಸ್ಥೆಯ ರಚನೆಯನ್ನು ನೋಡೋಣ. ಮೊದಲನೆಯ ಮಹಾಯುದ್ಧ ಮುಗಿದಾಗ, 1919ರಲ್ಲಿ, ಬ್ರಿಟಿಷ್ ಸರ್ಕಾರ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಎಂಬ ಸಂಸ್ಥೆ ಕಟ್ಟಿತು. ಅದೇ ಇಂದಿನ ಕೇಂದ್ರೀಯ ಸೈನಿಕ ಮಂಡಳಿಯ ಮೂಲ. ಅದರ ಕೆಳಗೆ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ, ಅದರ ಕೆಳಗೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿ. ಖರ್ಚನ್ನು ಕೇಂದ್ರ ಮತ್ತು ರಾಜ್ಯ 60:40ರ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ. ಜಿಲ್ಲಾಧಿಕಾರಿಗಳೇ ಜಿಲ್ಲಾ ಮಂಡಳಿಯ ಅಧ್ಯಕ್ಷರು. ಅಲ್ಲಿಗೆ ಏಣಿ ಮುಗಿಯಿತು. ಜಿಲ್ಲೆಯ ಕೆಳಗೆ, ತಾಲ್ಲೂಕಿನಲ್ಲಿ, ಸೈನಿಕ ಕುಟುಂಬಕ್ಕಾಗಿಯೇ ಎಂದು ಕುರ್ಚಿ ಹಾಕಿಕೊಂಡು ಕುಳಿತವರು ಯಾರೂ ಇಲ್ಲ. ಇದೇ ಅವಧಿಯಲ್ಲಿ ಉಳಿದ ಆಡಳಿತ ಕೆಳಕೆಳಗೆ ಇಳಿದು ಬಂದಿದೆ. 1997ರಲ್ಲಿ ವಿಜಾಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾಯಿತು. ಎರಡು ದಶಕದ ನಂತರ ಹುನಗುಂದದಿಂದ ಇಳಕಲ್, ಬಾದಾಮಿಯಿಂದ ಗುಳೇದಗುಡ್ಡ ಬೇರೆ ತಾಲ್ಲೂಕುಗಳಾದವು. ಜನರಿಗೆ ಆಡಳಿತ ಹತ್ತಿರವಾಗಬೇಕು ಎಂಬುದೇ ಆಗ ಕೊಟ್ಟ ಕಾರಣ. ಪಹಣಿ, ಜಾತಿ ಪ್ರಮಾಣ ಪತ್ರ, ಪಡಿತರ ಚೀಟಿ ಎಲ್ಲ ಹತ್ತಿರವಾದವು. ಸೈನಿಕನ ಹೆಂಡತಿ ಮಾತ್ರ ಇಳಕಲ್ಲಿನಿಂದ ಐವತ್ತು ಕಿಲೋಮೀಟರ್ ದಾಟಿ ಜಿಲ್ಲಾ ಕೇಂದ್ರಕ್ಕೇ ಬರಬೇಕು. 2023ರ ಜೂನ್‌ನಿಂದ ಬಸ್ಸೇನೋ ಉಚಿತ. ಕಳೆದುಹೋದ ದಿನದ ಕೂಲಿಯನ್ನು ಶಕ್ತಿ ಯೋಜನೆ ತುಂಬಿಕೊಡುವುದಿಲ್ಲ. ಒಂದು ಕಾಗದ ಕಡಿಮೆ ಇದೆ ಎಂದು ವಾಪಸ್ ಕಳಿಸಿದರೆ ಆ ಕೂಲಿ ಎರಡು ದಿನದ್ದಾಗುತ್ತದೆ.

ಕಾಗದ ಎಂದೆನಲ್ಲ, ಈ ಕಥೆಯ ನಿಜವಾದ ಗಂಟು ಅಲ್ಲಿದೆ. ಸೈನಿಕ ಭರ್ತಿಯಾದಾಗ, ಮದುವೆಯಾದಾಗ, ಮಕ್ಕಳಾದಾಗ ಆತನ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ ಪಾರ್ಟ್ ಟು ಆರ್ಡರ್ ಆಗಿ ಹೆಂಡತಿ ಮಕ್ಕಳ ಹೆಸರು, ಹುಟ್ಟಿದ ದಿನಾಂಕ ಸೇರಬೇಕು. ಅದೇ ಮುಂದೆ ಡಿಸ್ಚಾರ್ಜ್ ಬುಕ್ಕಿಗೂ ಪಿಂಚಣಿ ಆದೇಶಕ್ಕೂ ಇಳಿಯುತ್ತದೆ. ಮೂವತ್ತು ನಲವತ್ತು ವರ್ಷದ ಹಿಂದೆ ಆ ವಿವರ ಕೊಟ್ಟವನು ಗಡಿಯಲ್ಲಿದ್ದ ಗಂಡ, ಬರೆದುಕೊಂಡವನು ಕನ್ನಡ ಬಾರದ ಗುಮಾಸ್ತ. ನಮ್ಮ ಭಾಗದಲ್ಲಿ ಹೆಣ್ಣುಮಕ್ಕಳ ಹೆಸರಿಗೆ ಹಲವು ರೂಪಗಳಿವೆ. ತವರಿನಲ್ಲಿ ಶಾಂತವ್ವ, ಗಂಡನ ಮನೆಯಲ್ಲಿ ಶಾಂತಾಬಾಯಿ, ಪಡಿತರ ಚೀಟಿಯಲ್ಲಿ ಶಾಂತಾ. ಮದುವೆಯ ದಿನ ಹೆಸರನ್ನೇ ಬದಲಾಯಿಸುವ ಮನೆತನಗಳೂ ಇವೆ. ಅಡ್ಡಹೆಸರನ್ನು ಮುಂದೆ ಬರೆಯಬೇಕೋ ಹಿಂದೆ ಬರೆಯಬೇಕೋ ಎಂಬುದರಲ್ಲೂ ಏಕರೂಪವಿಲ್ಲ. ಹುಟ್ಟಿದ ದಿನಾಂಕದ ಜಾಗದಲ್ಲಿ ಅಂದಾಜಿನ ಜನವರಿ 1 ಅಥವಾ ಜೂನ್ 1 ಕೂತಿರುತ್ತದೆ. ಆಮೇಲೆ ಆಧಾರ್ ಬಂತು, ಪ್ಯಾನ್ ಬಂತು. ಪ್ರತಿಯೊಂದರಲ್ಲೂ ಆಕೆ ಸ್ವಲ್ಪ ಸ್ವಲ್ಪ ಬೇರೆಯೇ ಹೆಂಗಸಾದಳು. ಗಂಡ ಬದುಕಿರುವವರೆಗೆ ಇದು ಯಾರ ಗಮನಕ್ಕೂ ಬರುವುದಿಲ್ಲ. ಆತ ತೀರಿಹೋದ ದಿನ ಆತನ ಪಿಂಚಣಿ ನಿಂತು, ‘ನೀನು ಆತನ ಹೆಂಡತಿ ಎಂಬುದಕ್ಕೆ ದಾಖಲೆ ತಾ’ ಎಂಬ ಪ್ರಶ್ನೆ ಎದುರಾಗುತ್ತದೆ.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ಕಚೇರಿ ಎಲ್ಲಿದೆ ಎಂಬುದು ಗಂಡ ಯಾವ ದಳದಲ್ಲಿದ್ದ ಎಂಬುದರ ಮೇಲೆ ನಿಂತಿದೆ. ಮರಾಠಾ ಲೈಟ್ ಇನ್‌ಫೆಂಟ್ರಿ ಆಗಿದ್ದರೆ ಬೆಳಗಾವಿ, ಅದೊಂದು ಅದೃಷ್ಟ. ಮದ್ರಾಸ್ ರೆಜಿಮೆಂಟ್ ಆಗಿದ್ದರೆ ನೀಲಗಿರಿಯ ವೆಲಿಂಗ್ಟನ್. ತೋಪಖಾನೆಯವರದ್ದು ನಾಸಿಕ್ ರೋಡ್, ಸಿಗ್ನಲ್ಸ್‌ನವರದ್ದು ಜಬಲ್ಪುರ, ಇಎಂಇ ಆದರೆ ಸಿಕಂದರಾಬಾದ್. ಪಿಂಚಣಿ ಮಂಜೂರಿ ಪ್ರಯಾಗರಾಜದ್ದು. ಪತ್ರವ್ಯವಹಾರ ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಅಫಿಡವಿಟ್, ತಹಶೀಲ್ದಾರರ ಪ್ರಮಾಣ ಪತ್ರ, ಪತ್ರಿಕೆಯಲ್ಲಿ ಪ್ರಕಟಣೆ, ಜಂಟಿ ಫೋಟೊ, ಬ್ಯಾಂಕಿನ ದೃಢೀಕರಣ ಎಲ್ಲವನ್ನೂ ಜೋಡಿಸಿ ಕಳಿಸಿದ ಮೇಲೆ, ಒಂದು ಅಕ್ಷರ ಹೊಂದದಿದ್ದರೆ ಲಕೋಟೆ ಮರಳಿ ಬರುತ್ತದೆ. ಓದು ಬರಹ ಬಲ್ಲ ಮಗನಿದ್ದ ಮನೆಯಲ್ಲಿ ಇದು ಕೆಲವು ತಿಂಗಳ ತಲೆನೋವು. ಮಗ ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋಗಿದ್ದರೆ ಏಜೆಂಟನ ಕೈಗೆ ಬೀಳದೆ ಗತಿಯಿಲ್ಲ. ಆತ ತನ್ನ ಪಾಲನ್ನು ಮೊದಲೇ ಹೇಳಿರುತ್ತಾನೆ.

ಸ್ಪರ್ಶ್ ಎಂಬ ಆನ್‌ಲೈನ್ ಪಿಂಚಣಿ ವ್ಯವಸ್ಥೆ ಬಂದ ಮೇಲೆ ಇದು ಸುಲಭವಾಯಿತು ಎನ್ನುವವರಿದ್ದಾರೆ. ಅರ್ಧ ನಿಜ. ಹಣ ಬ್ಯಾಂಕುಗಳ ನಡುವೆ ಅಲೆಯದೆ ನೇರ ಖಾತೆಗೆ ಬರುತ್ತದೆ, ಅದು ಲಾಭ. ಆದರೆ ಹಳೆಯ ದಾಖಲೆಯ ತಪ್ಪುಗಳೂ ಅಷ್ಟೇ ನಿಷ್ಠೆಯಿಂದ ಕಂಪ್ಯೂಟರಿಗೆ ವರ್ಗವಾಗಿವೆ. ಪರಿಚಯದ ಬ್ಯಾಂಕ್ ಗುಮಾಸ್ತ ಮುಖ ನೋಡಿ ಸರಿಪಡಿಸಿಕೊಡುತ್ತಿದ್ದ ಸಣ್ಣ ವ್ಯತ್ಯಾಸವನ್ನು ಯಂತ್ರ ಒಪ್ಪುವುದಿಲ್ಲ. ವರ್ಷಕ್ಕೊಮ್ಮೆ ಬದುಕಿದ್ದೇನೆ ಎಂದು ತೋರಿಸಬೇಕು. ವರ್ಷವಿಡೀ ನೂಲು, ಗದ್ದೆ, ಕಲ್ಲಿನ ಕೆಲಸ ಮಾಡಿ ಬೆರಳಗೆರೆ ಸವೆದವರ ಹೆಬ್ಬೆಟ್ಟನ್ನು ಯಂತ್ರ ಹಲವು ಸಲ ಗುರುತಿಸುವುದಿಲ್ಲ. ಸೇನೆ ‘ನಮನ್’ ಎಂಬ ಯೋಜನೆಯಡಿ ಪಿಂಚಣಿದಾರರಿಗಾಗಿ ಸಹಾಯ ಕೇಂದ್ರಗಳನ್ನು ತೆರೆಯಲು ಆರಂಭಿಸಿತು, ಒಳ್ಳೆಯ ಪ್ರಯತ್ನ. ಆದರೆ ಅದು ಮುಖ್ಯವಾಗಿ ಸೇನಾ ನೆಲೆಗಳ ಆಸರೆಯಲ್ಲಿ ಬೆಳೆದ ಯೋಜನೆ. ಮಲಪ್ರಭೆಯ ದಂಡೆಯ ಹಳ್ಳಿಗಳಿಗೆ ಸೇನಾ ನೆಲೆ ಎಂದರೆ ಬೆಳಗಾವಿಯೇ. 2019ರ ಆಗಸ್ಟ್‌ನ ಪ್ರವಾಹದಲ್ಲಿ ಮನೆಯ ಜೊತೆ ಟ್ರಂಕಿನೊಳಗಿನ ಕಾಗದಗಳನ್ನೂ ಹೊಳೆಗೆ ಕೊಟ್ಟವರು ಈ ಭಾಗದಲ್ಲಿ ಎಷ್ಟಿರಬಹುದು ಎಂಬುದನ್ನು ಓದುಗರೇ ಊಹಿಸಲಿ.

ಇನ್ನು ಸೇವೆಯಲ್ಲಿದ್ದಾಗಲೇ ತೀರಿಕೊಂಡವರ ಕುಟುಂಬಗಳು. 2024ರ ಡಿಸೆಂಬರ್ 24ರಂದು ಜಮ್ಮು ಮತ್ತು ಕಾಶ್ಮೀರದ ಪೂಂಛ್‌ನಲ್ಲಿ ಸೇನಾ ವಾಹನ ಕಮರಿಗೆ ಬಿದ್ದು ಅಂದೇ ಐವರು ಯೋಧರು ಸತ್ತರು. ಅವರಲ್ಲಿ ಮೂವರು ಕರ್ನಾಟಕದವರು, ಒಬ್ಬರು ನಮ್ಮದೇ ಜಿಲ್ಲೆಯ ಮಹಾಲಿಂಗಪುರದವರು. ಜನರ ಕಣ್ಣಿಗೆ ಗಡಿಯಲ್ಲಿ ಸತ್ತವರೆಲ್ಲ ಒಂದೇ. ನಿಯಮದ ಕಣ್ಣಿಗೆ ಹಾಗಲ್ಲ. 2016ರಿಂದ ಜಾರಿಯಲ್ಲಿರುವ ದರದಲ್ಲಿ ಕರ್ತವ್ಯದ ಮೇಲಿನ ಅಪಘಾತಕ್ಕೆ ಕೇಂದ್ರದ ಪರಿಹಾರ 25 ಲಕ್ಷ ರೂಪಾಯಿ. ಗಡಿ ಘರ್ಷಣೆ, ಉಗ್ರರ ವಿರುದ್ಧದ ಕಾರ್ಯಾಚರಣೆ ಅಥವಾ ಅತಿ ಎತ್ತರದ ನೆಲೆಯ ಹವಾಮಾನದ ಸಾವಿಗೆ 35 ಲಕ್ಷ. ಯುದ್ಧದಲ್ಲಿ ಶತ್ರುವಿನಿಂದಾದ ಸಾವಿಗೆ 45 ಲಕ್ಷ. ಇದಕ್ಕಿಂತ ದೊಡ್ಡ ವ್ಯತ್ಯಾಸ ಪಿಂಚಣಿಯದ್ದು. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ 30. ಸೇವೆಯ ಕಾರಣದಿಂದಲೇ ಸಾವು ಸಂಭವಿಸಿತು ಎಂದಾದರೆ ಶೇ 60. ಕದನ ಸಾವು ಎಂದು ವರ್ಗೀಕರಿಸಿದರೆ ವೇತನದಷ್ಟೇ ಪೂರ್ತಿ. ಅಂದರೆ ಘಟನೆಯ ನಂತರದ ವಿಚಾರಣೆಯಲ್ಲಿ ಬರೆಯುವ ಒಂದು ಸಾಲು ಆ ಮನೆಯ ಮುಂದಿನ ನಲವತ್ತು ವರ್ಷದ ಆದಾಯವನ್ನು ಮೂರು ಪಟ್ಟು ಹೆಚ್ಚೋ ಕಡಿಮೆಯೋ ಮಾಡುತ್ತದೆ. ಆ ಸಾಲು ಸರಿಯಿಲ್ಲ ಎನಿಸಿದರೆ ಮೇಲ್ಮನವಿಗೆ ದಾರಿಯಿದೆ. ಅದಕ್ಕೆಂದೇ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯೂ ಇದೆ. ಕರ್ನಾಟಕದಲ್ಲಿ ಅದರ ಕಾಯಂ ಪೀಠವಿಲ್ಲ. ಅಂತ್ಯಕ್ರಿಯೆಯ ಗದ್ದಲದಲ್ಲಿರುವ ಕುಟುಂಬಕ್ಕೆ ವರ್ಗೀಕರಣ ಎಂಬುದೊಂದಿದೆ ಎಂದು ಹೇಳುವವರೇ ಇರುವುದಿಲ್ಲ. ಗೊತ್ತಾಗುವ ಹೊತ್ತಿಗೆ ವರ್ಷಗಳು ಸರಿದಿರುತ್ತವೆ.

ಹಣ ಬಂದ ಮನೆಗಳ ಕಷ್ಟ ಬೇರೆ ಬಗೆಯದು, ಅದರ ಬಗ್ಗೆ ನಾವು ಮಾತಾಡುವುದೇ ಕಡಿಮೆ. ಇಪ್ಪತ್ತೈದು, ಮೂವತ್ತರ ಹರೆಯದ ಹೆಣ್ಣುಮಗಳ ಖಾತೆಗೆ ಕೇಂದ್ರದ ಪರಿಹಾರ, ಸೇನಾ ಗುಂಪು ವಿಮೆ, ಭವಿಷ್ಯ ನಿಧಿ, ರಾಜ್ಯದ ನೆರವು ಎಲ್ಲ ಸೇರಿ ದೊಡ್ಡ ಮೊತ್ತ ಬಂದು ಬೀಳುತ್ತದೆ. ಅಲ್ಲಿಯವರೆಗೆ ಆಕೆ ಒಂದು ಚೆಕ್ಕಿಗೆ ಸಹಿ ಹಾಕಿರುವುದೂ ಇಲ್ಲ. ಅತ್ತೆ ಮಾವನಿಗೆ ಮಗನನ್ನು ಕಳೆದುಕೊಂಡ ದುಃಖದ ಜೊತೆಗೆ ಮುಪ್ಪಿನ ಭಯ ಇರುತ್ತದೆ. ಕುಟುಂಬ ಪಿಂಚಣಿ ಸೊಸೆಗೆ ಮಾತ್ರ ಬರುತ್ತದೆ, ತಮಗೇನು ಎಂಬ ಅವರ ಪ್ರಶ್ನೆ ಅನ್ಯಾಯದ್ದಲ್ಲ. 2024ರಲ್ಲಿ ದೇಶದಾದ್ಯಂತ ಎದ್ದ ‘ಹತ್ತಿರದ ವಾರಸುದಾರ’ ಚರ್ಚೆಯ ತಿರುಳೂ ಇದೇ. ತವರಿನವರಿಗೆ ಮಗಳ ಮುಂದಿನ ಬಾಳಿನ ಚಿಂತೆ. ಸಂಬಂಧಿಕರಿಗೆ ಸಾಲ ಬೇಕು, ದಲ್ಲಾಳಿಗೆ ಪ್ಲಾಟ್ ಮಾರಬೇಕು, ಚೀಟಿ ನಡೆಸುವವನಿಗೆ ಹೊಸ ಸದಸ್ಯರು ಬೇಕು. ಮೈದುನನ ಜೊತೆ ಮದುವೆ ಮಾಡಿ ಹಣವನ್ನು ಮನೆಯಲ್ಲೇ ಉಳಿಸಿಕೊಳ್ಳುವ ಒತ್ತಡವೂ ಹೊಸದಲ್ಲ. ಶೌರ್ಯ ಪದಕದೊಂದಿಗಿನ ಮಾಸಿಕ ಭತ್ಯೆ, ಮರುಮದುವೆಯಾದ ವಿಧವೆಗೆ ಮೈದುನನನ್ನು ಮದುವೆಯಾಗಿದ್ದರೆ ಮಾತ್ರ ಮುಂದುವರಿಯುತ್ತದೆ ಎಂಬ ಷರತ್ತನ್ನು ಕೇಂದ್ರ ಸರ್ಕಾರವೇ 2017ರ ನವೆಂಬರ್‌ವರೆಗೂ ಇಟ್ಟುಕೊಂಡಿತ್ತು. ಹೆಣ್ಣನ್ನು ಆಸ್ತಿಯ ಜೊತೆ ಕಟ್ಟಿಹಾಕುವ ಊರಿನ ರೂಢಿಗೆ ದೆಹಲಿಯ ಮುದ್ರೆಯೂ ಬಿದ್ದಿತ್ತು ಎಂದು ಇದರರ್ಥ. ಷರತ್ತು ಹೋಯಿತು, ಒತ್ತಡ ಹೋಗಲಿಲ್ಲ. ಚೆಕ್ ಹಸ್ತಾಂತರಿಸುವಾಗ ಫೋಟೊ ತೆಗೆಸಿಕೊಳ್ಳುವ ಸರ್ಕಾರ, ಆಮೇಲೆ ಒಂದು ವರ್ಷವಾದರೂ ಆಕೆಯ ಜೊತೆ ನಿಂತು ಠೇವಣಿ ಹೇಗೆ ಇಡಬೇಕು, ಯಾರಿಗೆ ಇಲ್ಲ ಎನ್ನಬೇಕು, ಅತ್ತೆ ಮಾವನ ಪಾಲನ್ನು ಹೇಗೆ ನ್ಯಾಯವಾಗಿ ಗೊತ್ತುಮಾಡಬೇಕು ಎಂದು ಹೇಳಿಕೊಡುವ ಒಬ್ಬರನ್ನೂ ನೇಮಿಸುವುದಿಲ್ಲ. ಈ ಮೌನದ ಬೆಲೆ ಎಷ್ಟೋ ಮನೆಗಳಲ್ಲಿ ಮೊತ್ತಕ್ಕಿಂತ ದೊಡ್ಡದಾಗುತ್ತದೆ.

ಘೋಷಣೆಗೂ ವಾಸ್ತವಕ್ಕೂ ಇರುವ ಅಂತರ ಬಾಗಲಕೋಟೆಯಲ್ಲಿ ಎದ್ದು ಕಾಣುವುದು ಭೂಮಿಯ ವಿಷಯದಲ್ಲಿ. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಹಂಚುವ ಸರ್ಕಾರಿ ಭೂಮಿಯ ಶೇ 10ರಷ್ಟನ್ನು ಸೈನಿಕರಿಗೆ, ಮಾಜಿ ಸೈನಿಕರಿಗೆ ಮೀಸಲಿಡಲಾಗಿದೆ. ಕೇಳಲು ಚೆನ್ನ. ಆದರೆ ಹಂಚಲು ಭೂಮಿ ಎಲ್ಲಿದೆ? ಈ ಜಿಲ್ಲೆಯ ಕಥೆಯೇ ಭೂಮಿ ಕಳೆದುಕೊಂಡ ಕಥೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಹೋದವು, ನವನಗರ ಎದ್ದಿತು. ಈಗ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಇನ್ನೂ ಸುಮಾರು 75,000 ಎಕರೆ ಮುಳುಗಬೇಕು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಅದಕ್ಕೆ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯಕ್ಕೆ 30 ಲಕ್ಷ ರೂಪಾಯಿ ಗೊತ್ತುಮಾಡಿದೆ. ಎಕರೆಗೆ ಮೂವತ್ತು ಲಕ್ಷ ಕೊಟ್ಟು ಸರ್ಕಾರವೇ ಭೂಮಿ ಕೊಳ್ಳುತ್ತಿರುವ ಜಿಲ್ಲೆಯಲ್ಲಿ, ಪುಕ್ಕಟೆ ಹಂಚಲು ಒಳ್ಳೆಯ ಭೂಮಿ ಉಳಿದಿದೆ ಎಂದು ನಂಬಿಸುವುದು ಸೈನಿಕನಿಗೆ ಮಾಡುವ ಗೌರವವಲ್ಲ. ಉಳಿದದ್ದು ಗೋಮಾಳ, ಗುಡ್ಡ, ಇಲ್ಲವೆ ಬೇರೆಯವರು ಎಷ್ಟೋ ಕಾಲದಿಂದ ಉಳುತ್ತಿರುವ ತುಂಡು. ಕೊಟ್ಟರೂ ಕಲಹ, ಕೊಡದಿದ್ದರೂ ಕಲಹ. ಸಿಗದ ಭೂಮಿಯ ಅರ್ಜಿಯನ್ನು ವರ್ಷಗಟ್ಟಲೆ ಕಡತದಲ್ಲಿ ಇಟ್ಟುಕೊಳ್ಳುವ ಬದಲು ಈ ಜಿಲ್ಲೆಯಲ್ಲಿ ಭೂಮಿ ಇಲ್ಲ ಎಂದು ನೇರವಾಗಿ ಹೇಳಿ, ಬದಲಿಯಾಗಿ ನಿವೇಶನವನ್ನೋ ಮಕ್ಕಳ ಉನ್ನತ ಓದಿನ ಪೂರ್ತಿ ವೆಚ್ಚವನ್ನೋ ಕೊಡುವುದು ಮೇಲು. ಹಾಗೆ ಮಾಡಲು ರಾಜಕೀಯ ಧೈರ್ಯ ಬೇಕು. ‘ಜಮೀನು ಕೊಡುತ್ತೇವೆ’ ಎಂಬ ಮಾತಿಗೆ ಬೀಳುವ ಚಪ್ಪಾಳೆ ‘ಫೀಸು ತುಂಬುತ್ತೇವೆ’ ಎಂಬುದಕ್ಕೆ ಬೀಳುವುದಿಲ್ಲ.

ಹಳ್ಳಿಯ ಜನ ಯಾವ ಸಮವಸ್ತ್ರದವನನ್ನೂ ‘ಮಿಲಿಟರಿಯವ’ ಎಂದೇ ಕರೆಯುತ್ತಾರೆ. ಅವನು ಸಿಆರ್‌ಪಿಎಫ್‌ನವನಾದರೆ, ಬಿಎಸ್‌ಎಫ್‌ನವನಾದರೆ, ಗೃಹ ಸಚಿವಾಲಯದ ಪಡೆಯವನು. ಮಾಜಿ ಸೈನಿಕ ಎಂಬ ಸ್ಥಾನ ಆತನಿಗಿಲ್ಲ. 2004ರ ನಂತರ ಸೇರಿದವರು ಹಳೆಯ ಪಿಂಚಣಿಯ ಹೊರಗೇ ಉಳಿದರು, ಅದರ ಮೇಲಿನ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. 2019ರ ಪುಲ್ವಾಮಾ ದಾಳಿಯಲ್ಲಿ ಸತ್ತ 40 ಜನರೂ ಸಿಆರ್‌ಪಿಎಫ್‌ನವರು ಎಂಬುದನ್ನು ನೆನೆದರೆ ಈ ಗೆರೆ ಎಷ್ಟು ಕೃತಕ ಎಂಬುದು ತಿಳಿಯುತ್ತದೆ. ಇನ್ನೊಂದು ಹೊಸ ಗುಂಪು ಬಾಗಿಲಲ್ಲಿ ನಿಂತಿದೆ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಗೆ, 2027ರ ಆರಂಭಕ್ಕೆ ಮುಗಿಯುತ್ತದೆ. ಯೋಜನೆಯ ಪ್ರಕಾರ ಕಾಯಂ ಆಗುವವರು ನಾಲ್ಕರಲ್ಲಿ ಒಬ್ಬ. ಉಳಿದ ಮೂವರು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಹಿಡಿದು ಊರಿಗೆ ಬರುತ್ತಾರೆ. ಪಿಂಚಣಿ ಇಲ್ಲ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಚಿಕಿತ್ಸೆ ಇಲ್ಲ, ಮಾಜಿ ಸೈನಿಕ ಎಂಬ ಗುರುತಿನ ಚೀಟಿ ಇಲ್ಲ. ಮುಂದಿನ ನಲವತ್ತು ವರ್ಷದಲ್ಲಿ ಪಿಂಚಣಿ ಇಲ್ಲದ ಮುದುಕರ ಸಂಖ್ಯೆ ಕರಗಲಿದೆ ಎಂಬ ಲೆಕ್ಕದ ಮೇಲೆ ಇಲಾಖೆ ಕೂತಿದ್ದರೆ, ಆ ಲೆಕ್ಕ ತಲೆಕೆಳಗಾಗಲಿದೆ.

ಇಷ್ಟೆಲ್ಲ ಹೇಳುವಾಗ ಗಟ್ಟಿಯಾದ ಆಕ್ಷೇಪವೊಂದನ್ನು ಬದಿಗೆ ಸರಿಸುವಂತಿಲ್ಲ. ಇಳಕಲ್ಲಿನ ನೇಕಾರನ ವಿಧವೆಗೆ, ಗುಳೇದಗುಡ್ಡದ ಖಣ ನೇಯುವವಳಿಗೆ, ಸಾಲದಲ್ಲಿ ಸತ್ತ ರೈತನ ಹೆಂಡತಿಗೆ ಸಿಗದ್ದು ಸೈನಿಕನ ಹೆಂಡತಿಗೆ ಯಾಕೆ ಸಿಗಬೇಕು? ಆಕೆಗೆ ಈಗಾಗಲೇ ಎಲ್ಲರಿಗಿಂತ ಹೆಚ್ಚು ಸಿಗುತ್ತಿಲ್ಲವೆ? ಪ್ರಶ್ನೆ ನ್ಯಾಯವಾದದ್ದು, ದೇಶಭಕ್ತಿಯ ಹೆಸರಿನಲ್ಲಿ ಅದರ ಬಾಯಿ ಮುಚ್ಚಿಸುವುದು ಸಲ್ಲದು. ಸೈನಿಕನ ಜೀವ ಮಗ್ಗದವನ ಜೀವಕ್ಕಿಂತ ಹೆಚ್ಚಿನದು ಎಂಬುದು ನನ್ನ ವಾದವಲ್ಲ. ಪಿಂಚಣಿ ದಾನವಲ್ಲ, ಅದು ಮುಂದೂಡಿದ ಸಂಬಳ. ಮೂವತ್ತೈದು ನಲವತ್ತರ ವಯಸ್ಸಿಗೇ ಕೆಲಸದಿಂದ ಕಳಿಸುವ ಏಕೈಕ ಮಾಲೀಕ ಸರ್ಕಾರ, ಆ ವಯಸ್ಸಿಗೆ ಕಳಿಸುತ್ತೇನೆ, ಮುಂದೆ ಕೈಬಿಡುವುದಿಲ್ಲ ಎಂಬ ಕರಾರಿನ ಮೇಲೆಯೇ ಹದಿನೆಂಟರ ಹುಡುಗನನ್ನು ಸೇರಿಸಿಕೊಂಡಿದೆ. ಇಸಿಎಚ್‌ಎಸ್‌ಗೂ ಸೈನಿಕ ನಿವೃತ್ತಿಯಾಗುವಾಗ ಒಮ್ಮೆಗೆ ವಂತಿಗೆ ಕಟ್ಟಿಯೇ ಸದಸ್ಯನಾಗುತ್ತಾನೆ. ಕರಾರು ಪಾಲಿಸಿ ಎನ್ನುವುದು ವಿಶೇಷ ಸವಲತ್ತು ಕೇಳಿದಂತೆ ಅಲ್ಲ. ಆಕ್ಷೇಪ ಸರಿಯಾಗಿ ಬಡಿಯುವುದು ಕರಾರಿನಲ್ಲಿಲ್ಲದ, ಸಾವಿನ ದಿನದ ಬಿಸಿಯಲ್ಲಿ ಘೋಷಿಸುವ ಕೊಡುಗೆಗಳಿಗೆ. ಟಿವಿ ವಾಹಿನಿಗಳು ಮುತ್ತಿಕೊಂಡ ಸಾವಿಗೆ ಎಲ್ಲವೂ, ಯಾರೂ ನೋಡದ ಸಾವಿಗೆ ಏನೂ ಇಲ್ಲ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮಪಾತದಡಿ ಆರು ದಿನ ಬದುಕುಳಿದ, ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ದೇಶ ಪ್ರಾರ್ಥಿಸಿತು. ಅದೇ ಹಿಮದಡಿ ಸತ್ತ ಇನ್ನೊಂಬತ್ತು ಮಂದಿಯ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನೆರವು ಪ್ರಚಾರದ ಬೆನ್ನು ಹತ್ತಿದರೆ ಸೈನಿಕ ಕುಟುಂಬಗಳ ನಡುವೆಯೇ ಮೇಲು ಕೀಳು ಹುಟ್ಟುತ್ತದೆ. ಆದ್ದರಿಂದ ಘೋಷಣೆ ಕಡಿಮೆಯಾಗಲಿ, ನಿಯಮದಲ್ಲಿರುವುದು ತಪ್ಪದೆ ತಲುಪಲಿ.

ಎರಡನೆಯ ಆಕ್ಷೇಪ ಅಧಿಕಾರಿಗಳದು. ಅರ್ಜಿ ಇಲ್ಲದೆ ಕೊಟ್ಟರೆ ಸುಳ್ಳು ಫಲಾನುಭವಿಗಳು ನುಗ್ಗುತ್ತಾರೆ, ತಾಲ್ಲೂಕಿಗೊಬ್ಬ ನೌಕರನಿಡುವಷ್ಟು ಸೈನಿಕ ಕುಟುಂಬಗಳಿಲ್ಲ, ಇದು ಕೇಂದ್ರದ ವಿಷಯ ಎಂದು ಅವರು ಹೇಳುತ್ತಾರೆ. ಕೊನೆಯದಕ್ಕೆ ಉತ್ತರ ಆಗಲೇ ಹೇಳಿದ 60:40ರ ಹಂಚಿಕೆಯಲ್ಲೇ ಇದೆ. ಸುಳ್ಳು ಫಲಾನುಭವಿಯ ಭಯಕ್ಕೆ ರಾಜ್ಯದ ಕಂದಾಯ ಇಲಾಖೆಯೇ ಉತ್ತರ ಕೊಟ್ಟಿದೆ. 2021ರಲ್ಲಿ ಅದು ನವೋದಯ ಆ್ಯಪ್ ಮೂಲಕ, ತನ್ನ ಬಳಿಯೇ ಇದ್ದ ಮಾಹಿತಿಯಿಂದ 60 ದಾಟಿದ ಬಡವರನ್ನು ಗುರುತಿಸಿ, ಗ್ರಾಮ ಲೆಕ್ಕಿಗರನ್ನು ಮನೆಗೇ ಕಳಿಸಿ, ಅರ್ಜಿ ಇಲ್ಲದೆ ವೃದ್ಧಾಪ್ಯ ವೇತನ ಮಂಜೂರು ಮಾಡುವ ಕ್ರಮ ಆರಂಭಿಸಿತು. ಮುಂದೆ 155245 ಸಂಖ್ಯೆಗೆ ಕರೆ ಮಾಡಿದರೆ ಮನೆ ಬಾಗಿಲಿಗೆ ಬರುವ ವ್ಯವಸ್ಥೆಯೂ ಬಂತು. 2023ರಲ್ಲಿ ಗೃಹಲಕ್ಷ್ಮಿ ನೋಂದಣಿಯನ್ನು ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳ ಮೂಲಕ ಹಳ್ಳಿ ಹಳ್ಳಿಯಲ್ಲೇ ಮುಗಿಸಿದರು. ಕೋಟಿಗೂ ಮಿಕ್ಕ ಹೆಣ್ಣುಮಕ್ಕಳನ್ನು ಹುಡುಕಿ ಹಣ ಹಾಕಬಲ್ಲ ಸರ್ಕಾರಕ್ಕೆ ಒಂದು ತಾಲ್ಲೂಕಿನ ಸೈನಿಕ ವಿಧವೆಯರನ್ನು ಹುಡುಕುವುದು ಅಸಾಧ್ಯ ಎಂದರೆ ನಂಬುವುದು ಕಷ್ಟ. ಗಂಡನ ಸಾವು ಗ್ರಾಮ ಪಂಚಾಯಿತಿಯಲ್ಲೋ ಪುರಸಭೆಯಲ್ಲೋ ನೋಂದಣಿಯಾಗಿಯೇ ಆಗುತ್ತದೆ. ಸತ್ತವನು ಮಾಜಿ ಸೈನಿಕನೇ ಎಂಬ ಒಂದು ಪ್ರಶ್ನೆ ಆ ನಮೂನೆಯಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು.

ಸಂಖ್ಯೆ ಕಡಿಮೆ ಎಂಬ ಮಾತಿನಲ್ಲಿ ಸತ್ಯವಿದೆ. ಅದಕ್ಕೆಂದೇ ಹೊಸ ಹುದ್ದೆ, ಹೊಸ ಕಟ್ಟಡ ಬೇಡ. ಅಮೆರಿಕದ ಹಲವು ರಾಜ್ಯಗಳಲ್ಲಿ ನಮ್ಮ ತಾಲ್ಲೂಕು, ಜಿಲ್ಲೆಗಳ ಅಳತೆಯ ಕೌಂಟಿಗಳಲ್ಲಿ ಮಾಜಿ ಸೈನಿಕರ ಸೇವಾಧಿಕಾರಿ ಎಂಬುವರಿದ್ದಾರೆ. ಹೆಚ್ಚಿನವರು ತಾವೇ ಮಾಜಿ ಸೈನಿಕರು. ಕುಟುಂಬದ ಪರವಾಗಿ ಅರ್ಜಿ ತುಂಬಿ, ಕೇಂದ್ರ ಇಲಾಖೆಯ ಬೆನ್ನು ಹತ್ತುವುದು ಅವರ ಕೆಲಸ. ಅವರು ಸರ್ಕಾರದ ಸಂಬಳ ಪಡೆದು ಸರ್ಕಾರದ ವಿರುದ್ಧವೇ ಕುಟುಂಬದ ವಕೀಲಿಕೆ ಮಾಡುತ್ತಾರೆ ಎಂಬುದು ಆ ಪದ್ಧತಿಯ ಸೊಗಸು. ನಮ್ಮಲ್ಲೂ ಬಾದಾಮಿಗೆ ಒಬ್ಬ, ಹುನಗುಂದ ಮತ್ತು ಇಳಕಲ್ಲಿಗೆ ಸೇರಿ ಒಬ್ಬ ನಿವೃತ್ತ ಸುಬೇದಾರರನ್ನು ಗೌರವಧನದ ಮೇಲೆ ನೇಮಿಸಿ, ವಾರಕ್ಕೆ ಎರಡು ದಿನ ತಹಶೀಲ್ದಾರ್ ಕಚೇರಿಯಲ್ಲಿ ಒಂದು ಮೇಜು ಕೊಟ್ಟರೆ ಸಾಕು. ಉಳಿದ ದಿನ ಆತ ಹಳ್ಳಿಗೆ ಹೋಗಲಿ. ರೆಕಾರ್ಡ್ ಆಫೀಸಿನ ಭಾಷೆ ಅವರಿಗೆ ಗೊತ್ತು, ಊರಿನ ಭಾಷೆಯೂ ಗೊತ್ತು. ಒಬ್ಬ ಮಹಿಳೆಯೂ, ಸಾಧ್ಯವಾದರೆ ಹುತಾತ್ಮ ಯೋಧನ ಪತ್ನಿಯಾದ ವೀರನಾರಿಯೇ, ಜೊತೆಗಿರಬೇಕು. ಹಣದ ಮಾತನ್ನು, ಮನೆಯೊಳಗಿನ ಒತ್ತಡದ ಮಾತನ್ನು ಹರೆಯದ ವಿಧವೆ ಮೀಸೆಯ ಸುಬೇದಾರರ ಮುಂದೆ ಆಡಲಾರಳು. ಕಾನೂನಿನ ನೆರವಿಗೆ ಹೊಸ ಕಾನೂನೂ ಬೇಕಿಲ್ಲ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿವಸದ ದಿನವೇ, ‘ವೀರ್ ಪರಿವಾರ್ ಸಹಾಯತಾ ಯೋಜನೆ’ ಆರಂಭಿಸಿದೆ. ಸೈನಿಕ ಮಂಡಳಿಗಳಲ್ಲೇ ಉಚಿತ ಕಾನೂನು ನೆರವಿನ ಕೇಂದ್ರ ತೆರೆಯುವುದು ಅದರ ಉದ್ದೇಶ. ತಾಲ್ಲೂಕು ಕಾನೂನು ಸೇವಾ ಸಮಿತಿಗಳು ಇದನ್ನು ತಮ್ಮ ತಿಂಗಳ ಕಾರ್ಯಕ್ರಮಕ್ಕೆ ಸೇರಿಸಿಕೊಂಡರೆ ನ್ಯಾಯಮಂಡಳಿಯ ದೂರವೂ ಸ್ವಲ್ಪ ಕಡಿಮೆಯಾದೀತು.

ಪ್ರತಿವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದು ಬಂದ ಈ ದಿನ ಜಿಲ್ಲೆಯಲ್ಲಿ ಎಷ್ಟು ನಿಧಿ ಸಂಗ್ರಹವಾಯಿತು ಎಂಬುದೇ ಸುದ್ದಿಯಾಗುತ್ತದೆ. ಅದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ಜಿಲ್ಲಾಧಿಕಾರಿಗಳು ಅಂದು ಜನರ ಮುಂದಿಡಲಿ: ತಾಲ್ಲೂಕುವಾರು ಎಷ್ಟು ಸೈನಿಕ ಕುಟುಂಬಗಳಿವೆ, ಆ ವರ್ಷ ಎಷ್ಟು ಮನೆಗೆ ಸಿಬ್ಬಂದಿ ಹೋಗಿ ಬಂದರು, ಹೆಸರು ತಿದ್ದುಪಡಿಯ ಎಷ್ಟು ಕಡತಗಳು ಎಷ್ಟು ತಿಂಗಳಿನಿಂದ ಬಾಕಿ ಇವೆ, ಭೂಮಿಯ ಎಷ್ಟು ಅರ್ಜಿಗಳಿಗೆ ಖಚಿತ ಉತ್ತರ ಸಿಕ್ಕಿದೆ. ಅಲ್ಲಿಯವರೆಗೆ ಓದುಗರು, ಅದರಲ್ಲೂ ಗ್ರಾಮ ಪಂಚಾಯಿತಿ ಸದಸ್ಯರು, ಒಂದು ಕೆಲಸ ಮಾಡಬಹುದು. ನಿಮ್ಮ ಊರಿನಲ್ಲಿ ಪಿಂಚಣಿ ಇಲ್ಲದ, 65 ದಾಟಿದ ಮಾಜಿ ಸೈನಿಕನೋ ಅಂಥವನ ವಿಧವೆಯೋ ಇದ್ದರೆ ತಿಂಗಳಿಗೆ 8,000 ರೂಪಾಯಿಯ ನೆರವಿದೆ ಎಂದು ಅವರಿಗೆ ಹೇಳಿ. ಡಿಸ್ಚಾರ್ಜ್ ಬುಕ್, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ನೀವೇ ಓದಿ ನೋಡಿ. ಇಲ್ಲವಾದರೆ ತಿದ್ದುಪಡಿಯ ಅರ್ಜಿಯನ್ನು, ಸಾಧ್ಯವಾದರೆ ಗಂಡ ಬದುಕಿರುವಾಗಲೇ, ಈ ವಾರವೇ ಹಾಕಿಸಿ.